ಬಾಣಂತಿ ಬಾವಲಿಯ ರಾತ್ರಿ ಕೇಳುವ ಪುಟ್ಟ ಯಂತ್ರ: ಮಲೆನಾಡಿನ ತೋಟಕ್ಕೆ ಆಡಿಯೋಮಾತ್ ಹೊಂದುತ್ತದೆಯೇ?

ಆಡಿಯೋಮಾತ್ ಮೂರು ಎಎ ಸೆಲ್ ಹಾಕಿದರೆ ಓಡುವ ಧ್ವನಿಮುದ್ರಕ. ಉದ್ದ 58 ಮಿಲಿಮೀಟರ್, ಅಗಲ 48. ಅಂಗಿಯ ಜೇಬಿನಲ್ಲಿ ಕೂರುತ್ತದೆ. ಪರದೆ ಇಲ್ಲ. ಮೂರು ಸ್ಥಾನದ ಒಂದು ಸ್ವಿಚ್ಚು, ಕೆಂಪು–ಹಸಿರು ಎರಡು ದೀಪ, ಮೈಕ್ರೋ ಎಸ್‌ಡಿ ಕಾರ್ಡಿಗೊಂದು ಸೀಳು, ಕಂಪ್ಯೂಟರಿಗೆ ಜೋಡಿಸಲು ಒಂದು ಯುಎಸ್‌ಬಿ ಕಿಂಡಿ, ಇಷ್ಟೇ. ಬ್ರಿಟನ್ನಿನ ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ರೂಪಿಸಿದ್ದು. ವಿನ್ಯಾಸವನ್ನೂ ತಂತ್ರಾಂಶವನ್ನೂ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 20,000 ಕಂಪನಕ್ಕೆ, ಸೋಲುತ್ತದೆ. ಇದು ಸೆಕೆಂಡಿಗೆ 3,84,000 ಮಾದರಿ ತೆಗೆದು 192 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯಬಲ್ಲದು. ಹುಳ ತಿನ್ನುವ ಬಾವಲಿಗಳ ಮಾತುಕತೆ ಹೆಚ್ಚಾಗಿ ನಡೆಯುವುದು ಆ ಎತ್ತರದಲ್ಲೇ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಹಳೆಯ ಹಂಚಿನ ಮನೆಯ ಅಟ್ಟ, ಬಳಕೆ ತಪ್ಪಿದ ಗೋದಾಮು, ತೋಟದ ಬಂಡೆಸಂದಿ, ಮರದ ಪೊಟರೆ, ಎಲ್ಲೆಂದರಲ್ಲಿ ಈ ಸಣ್ಣ ಬಾವಲಿಗಳಿವೆ. ಅವು ಯಾವಾಗ ಮರಿ ಹಾಕುತ್ತವೆ, ಎಷ್ಟು ವಾರ ಮೊಲೆಯೂಡಿಸುತ್ತವೆ, ಆ ದಿನಗಳಲ್ಲಿ ರಾತ್ರಿಗೆ ಎಷ್ಟು ಹೊತ್ತು ದುಡಿಯುತ್ತವೆ ಎಂಬುದನ್ನು ಅವುಗಳನ್ನು ಮುಟ್ಟದೆ, ಹಿಡಿಯದೆ, ಎಬ್ಬಿಸದೆ ತಿಳಿಯಬೇಕೆಂದರೆ ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಇದು ನಮ್ಮ ತೀರ್ಪು. ಆದರೆ ಪೆಟ್ಟಿಗೆಯಿಂದ ತೆಗೆದು ಮರಕ್ಕೆ ಕಟ್ಟಿದರೆ ಆಯಿತು ಅನ್ನುವಂಥ ಯಂತ್ರವಲ್ಲ. ಹೊಂದಿಕೆ ಒಂದು ತಪ್ಪಿದರೆ ಒಂದು ಋತುವಿನ ದಾಖಲೆಯೇ ನೀರಿನಲ್ಲಿ ಹೋಮ.

ಮುಟ್ಟದೆ ಅನ್ನುವ ಮಾತಿಗೆ ಇಷ್ಟು ಒತ್ತು ಏಕೆ ಎಂಬುದನ್ನು ಮೊದಲು ಹೇಳಬೇಕು. ಈ ಯಂತ್ರವನ್ನು ಅಳೆಯಬೇಕಾದ ಮುಖ್ಯ ಅಳತೆಗೋಲು ಅದೇ.

ಸಣ್ಣ ಮೈಯ, ಬಿಸಿರಕ್ತದ ಪ್ರಾಣಿಗೆ ಮೈ ಬೆಚ್ಚಗಿಟ್ಟುಕೊಳ್ಳುವುದೇ ದುಬಾರಿ. ತೂಕಕ್ಕೆ ಹೋಲಿಸಿದರೆ ಮೈಯ ಹೊರಮೇಲ್ಮೈ ಹೆಚ್ಚು. ಹಂಡೆಯ ನೀರು ಆರುವ ಮೊದಲೇ ಲೋಟದ ಕಾಫಿ ಆರಿರುತ್ತದಲ್ಲ, ಹಾಗೆ. ಅದರ ಮೇಲೆ ಬಸಿರು, ಬಾಣಂತನ. ಬಾವಲಿ ಮರಿ ಹುಟ್ಟುವಾಗಲೇ ತಾಯಿಯ ತೂಕದ ಶೇ 20ರಿಂದ 30ರಷ್ಟಿರುತ್ತದೆ. 50 ಕಿಲೋ ತೂಗುವ ಹೆಂಗಸು 12 ಕಿಲೋದ ಕೂಸು ಹೆತ್ತ ಹಾಗೆ. ಆ ಹೊರೆ ಹೊತ್ತುಕೊಂಡೇ ಹಾರಬೇಕು, ಹಾರುತ್ತಲೇ ಬೇಟೆಯಾಡಬೇಕು. ದಿನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಾರಾಟದ್ದೇ.

ಹೆತ್ತ ಮೇಲಾದರೂ ಹಗುರವಾಗುತ್ತದೆಯೇ ಅಂದರೆ, ಇಲ್ಲ. ನಿಜವಾದ ಖರ್ಚು ಅಲ್ಲಿಂದಲೇ ಶುರು. ಇಲಿಮರಿ ಅರೆಬೆಳೆದಾಗಲೇ ಕಾಳು ಕಡಿಯಬಹುದು. ಬಾವಲಿ ಮರಿ ರೆಕ್ಕೆ ಬಲಿಯುವವರೆಗೆ ಹುಳ ಹಿಡಿಯಲಾರದು. ಆದ್ದರಿಂದ ಮರಿಯ ತೂಕ ದೊಡ್ಡವರ ತೂಕದ ಶೇ 70ರಷ್ಟು, ಮುಂಗೈ ಮೂಳೆ ಶೇ 95ರಷ್ಟು ಬೆಳೆಯುವ ತನಕ ಅದರ ಮೈಯೆಲ್ಲ ಹಾಲಿನಿಂದಲೇ ಆಗಬೇಕು. ಹುಳುಗಳಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಮರಿಯ ಮೂಳೆಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಮೂಳೆಯಿಂದಲೂ ಹೋಗುತ್ತದೆ. ಉತ್ತರ ಅಮೆರಿಕದ ಪುಟ್ಟ ಕಂದು ಬಾವಲಿಯ ಬಗ್ಗೆ 1989ರಲ್ಲಿ ಪ್ರಕಟವಾದ ಲೆಕ್ಕವೊಂದಿದೆ: 7.9 ಗ್ರಾಂ ತೂಗುವ ತಾಯಿ ಹಾಲು ಹೆಚ್ಚು ಇಳಿಯುವ ದಿನಗಳಲ್ಲಿ ರಾತ್ರಿಗೆ 9.9 ಗ್ರಾಂ ಹುಳ ತಿನ್ನಬೇಕು. ತನ್ನ ಮೈತೂಕಕ್ಕಿಂತ ಹೆಚ್ಚು! ಹಾಲಿಗೆ ನೀರೂ ಬೇಕು. ಅಮೆರಿಕದ ಕೊಲೊರಾಡೋದಲ್ಲಿ ಒಂದು ಜಾತಿಯ ಮೊಲೆಯೂಡಿಸುವ ಬಾವಲಿಗಳು ಮರಿಯಿಲ್ಲದವುಗಳಿಗಿಂತ 13 ಪಟ್ಟು ಹೆಚ್ಚು ಸಲ ನೀರಿಗೆ ಬಂದದ್ದು 2008ರಲ್ಲಿ ದಾಖಲಾಗಿದೆ.

ಖರ್ಚು ಉಳಿಸುವ ಉಪಾಯವೊಂದು ಬಾವಲಿಗೆ ಗೊತ್ತು. ಮೈಯ ಬಿಸಿ ಇಳಿಸಿಕೊಂಡು ಜಡನಿದ್ದೆಗೆ ಜಾರುವುದು. ಬಸುರಿ, ಬಾಣಂತಿಗೆ ಅದೂ ಸಲೀಸಲ್ಲ. ಮೈ ತಣ್ಣಗಾದರೆ ಹೊಟ್ಟೆಯ ಮರಿಯ ಬೆಳವಣಿಗೆಯೂ ನಿಧಾನ, ಹಾಲಿನ ಉತ್ಪತ್ತಿಯೂ ನಿಧಾನ. ಬ್ರಿಟನ್ನಿನ ಪಿಪಿಸ್ಟ್ರೆಲ್ ಎಂಬ ಸಣ್ಣ ಬಾವಲಿಗಳನ್ನು ಬಸುರಿನಲ್ಲಿ ಚಳಿಯಲ್ಲಿ, ಉಪವಾಸದಲ್ಲಿ ಇರಿಸಿ ನೋಡಿದ 1973ರ ಪ್ರಯೋಗದಲ್ಲಿ ಹೆರಿಗೆ ದಿನಗಟ್ಟಲೆ ಮುಂದಕ್ಕೆ ಹೋಯಿತು. ಆದ್ದರಿಂದಲೇ ತಾಯಂದಿರು ಬೆಚ್ಚಗಿನ ಜಾಗ ಹುಡುಕಿ ಒಬ್ಬರಿಗೊಬ್ಬರು ಅಂಟಿಕೊಂಡು ತೂಗುತ್ತಾರೆ. ಹಂಚಿನ ಅಟ್ಟ ಅವುಗಳಿಗೆ ಬಾಣಂತಿ ಕೋಣೆ.

ಹೀಗೆ ಪೈಸೆಗೆ ಪೈಸೆ ಲೆಕ್ಕ ಹಾಕಿ ಬದುಕುವ ತಾಯಿಯನ್ನು ಹಗಲಿನಲ್ಲಿ ಟಾರ್ಚ್ ಬಿಟ್ಟು ಎಬ್ಬಿಸಿದರೆ, ಮೈ ಕಾಯಿಸಿಕೊಂಡು ಹಾರಲು ಸುರಿದ ಶಕ್ತಿಯನ್ನು ಆ ರಾತ್ರಿ ಹೆಚ್ಚು ಹುಳ ಹಿಡಿದೇ ತುಂಬಬೇಕು. ಗಾಬರಿಯಲ್ಲಿ ಮರಿ ಕೆಳಗೆ ಬೀಳುವುದೂ ಉಂಟು. ಬಿದ್ದ ಮರಿಗೆ ಇರುವೆ ಮುತ್ತುವುದು ತಡವಾಗುವುದಿಲ್ಲ. ಬಲೆ ಕಟ್ಟಿ ಹಿಡಿಯುವುದಕ್ಕೆ ಅನುಮತಿ ಬೇಕು, ಪಳಗಿದ ಕೈ ಬೇಕು, ಎರಡೂ ಇದ್ದರೂ ಆ ರಾತ್ರಿಯ ಬೇಟೆಯಲ್ಲಿ ಒಂದು ಪಾಲು ಹೋಯಿತೆಂದೇ ಅರ್ಥ. ಮರದಲ್ಲಿ ಸುಮ್ಮನೆ ಕೂತು ಕೇಳುವ ಯಂತ್ರ ತಾಯಿಯಿಂದ ಏನನ್ನೂ ಕಸಿಯುವುದಿಲ್ಲ. ಬೇರೆಲ್ಲ ಗುಣಕ್ಕಿಂತ ಈ ಗುಣಕ್ಕೆ ಹೆಚ್ಚು ಅಂಕ ಕೊಡಬೇಕು.

ಕೇಳಿದ್ದರಿಂದ ಬಾಣಂತನ ಹೇಗೆ ತಿಳಿಯುತ್ತದೆ? ಸ್ಕಾಟ್‌ಲೆಂಡಿನ ಈಶಾನ್ಯ ಭಾಗದ ಪಿಪಿಸ್ಟ್ರೆಲ್‌ಗಳ ಬಗ್ಗೆ 1980ರಲ್ಲಿ ಬಂದ ಅಧ್ಯಯನ ದಾರಿ ತೋರಿಸುತ್ತದೆ. ಬಸುರಿನ ದಿನಗಳಲ್ಲಿ ರಾತ್ರಿಯ ಹಾರಾಟಕ್ಕೆ ಒಂದೇ ಏರು. ಮೊಲೆಯೂಡಿಸುವಾಗ ಎರಡು ಏರು, ನಡುವೆ ಮರಿಗೆ ಹಾಲು ಕೊಡಲು ಮನೆಗೆ ಮರಳುವುದು. ಮರಿ ಹಾಲು ಬಿಟ್ಟ ಮೇಲೆ ಮತ್ತೆ ಒಂದೇ ಏರು. ನೆಲೆಯ ಬಾಯಿಯಲ್ಲಿ ಯಂತ್ರವಿಟ್ಟು ಗಂಟೆಗೆಷ್ಟು ಸಲ ಬಾವಲಿ ಹಾಯಿತು ಎಂದು ಗೀಟು ಹಾಕಿದರೆ ನಡುರಾತ್ರಿಯ ಈ ಮರಳುವಿಕೆ ಗುಡ್ಡದ ಹಾಗೆ ಎದ್ದು ಕಾಣುತ್ತದೆ. ಜೊತೆಗೆ ಎರಡನೆಯ ಗುರುತು ಮರಿಗಳ ಕೂಗು. ತಾಯಿಗಾಗಿ ಕೂಗುವ ಮರಿಯ ದನಿ ದೊಡ್ಡವುಗಳ ಬೇಟೆಕೂಗಿಗಿಂತ ಕೆಳಗಿನ ಕಂಪನಾಂಕದಲ್ಲಿರುತ್ತದೆ, ಉದ್ದವಾಗಿ, ಅಲೆಅಲೆಯಾಗಿ. ಎರಡೂ ಒಟ್ಟಿಗೆ ಸಿಕ್ಕರೆ ಒಳಗೆ ಹಸುಗೂಸುಗಳಿವೆ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ನಮ್ಮ ಘಟ್ಟದ ರೂಕ್ಸ್ ಕುದುರೆಲಾಳ ಬಾವಲಿ ಡಿಸೆಂಬರಿನಲ್ಲಿ ಕೂಡಿ ಏಪ್ರಿಲ್–ಮೇನಲ್ಲಿ ಮರಿ ಹಾಕುತ್ತದೆ. ಅಂದರೆ ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ಬಾಣಂತನ. ಮೊದಲ ಮಳೆಗೆ ಹುತ್ತದಿಂದ ಏಳುವ ಈಚಲು, ದೀಪಕ್ಕೆ ಮುತ್ತುವ ದುಂಬಿ, ಪತಂಗ, ಎಲ್ಲವೂ ಆಗಲೇ. ಹಾಲಿನ ಖರ್ಚು ಏರುವ ಹೊತ್ತಿಗೆ ಬುತ್ತಿಯೂ ತುಂಬುವ ಹಾಗೆ ಕಾಲ ಕೂಡಿಬಂದಿದೆ. ಆದ್ದರಿಂದ ಯಂತ್ರ ಕೊಂಡವರು ಮೂರು ಸುತ್ತು ಇಡಬೇಕು: ಮಾರ್ಚ್ ಎರಡನೆಯ ವಾರ ಒಂದು, ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಂದು, ಮರಿಗಳು ಹಾಲು ಬಿಟ್ಟ ಮೇಲೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಮಳೆ ತೆರವು ಕೊಟ್ಟಾಗ ಒಂದು. ಅದೇ ಜಾಗ, ಅದೇ ಎತ್ತರ, ಅದೇ ಹೊಂದಿಕೆ. ಪ್ರತಿ ಸುತ್ತಿಗೆ ಐದು ರಾತ್ರಿಗಿಂತ ಕಡಿಮೆ ಬೇಡ. ಒಂದು ರಾತ್ರಿಯ ಮಳೆ ಇಡೀ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ.

ಇನ್ನು ಹೊಂದಿಕೆ. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಅದರದೇ ಕಾನ್ಫಿಗರೇಶನ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು.

ಮಾದರಿ ದರ 384 ಕಿಲೋಹರ್ಟ್ಸ್ ಇಡಿ. ಇದರಲ್ಲಿ ರಾಜಿ ಬೇಡ. ಹಿಡಿಯಬಹುದಾದ ಅತಿ ಎತ್ತರದ ದನಿ ಮಾದರಿ ದರದ ಅರ್ಧ. ಕಾರ್ಡಿನಲ್ಲಿ ಜಾಗ ಉಳಿಸಲು 250 ಇಟ್ಟರೆ ಮಿತಿ 125ಕ್ಕೆ ಇಳಿಯುತ್ತದೆ. ಎಲೆಮೂಗಿನ ಬಾವಲಿಗಳಲ್ಲಿ ಹಿಪ್ಪೊಸಿಡೆರೊಸ್ ಸ್ಪಿಯೋರಿಸ್ ಎಂಬ ಜಾತಿ ಕೂಗುವುದು 130 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಅದರ ಇನ್ನೂ ಚಿಕ್ಕ ದಾಯಾದಿಗಳು 150 ದಾಟುತ್ತವೆ. 250ರಲ್ಲಿ ಅವು ಇದ್ದೂ ಇಲ್ಲದ ಹಾಗೆ. 192ಕ್ಕೆ ಇಳಿಸಿದರೆ ಮಿತಿ 96. ರೂಕ್ಸ್ ಕುದುರೆಲಾಳ ಬಾವಲಿ ಹೇಗೋ ಒಳಗೆ ಬರುತ್ತದೆ, ಅದಕ್ಕಿಂತ ಮೇಲೆ ಕೂಗುವ ಸಣ್ಣ ಕುದುರೆಲಾಳಗಳು ಹೊರಗೆ. ಬೇರೆ ದೇಶದ ಸಲಹೆ ಪುಸ್ತಿಕೆಗಳಲ್ಲಿ 250 ಸಾಕು ಎಂದಿರುವುದು ಅಲ್ಲಿನ ಬಾವಲಿಗಳಿಗೆ.

ಗೇನ್, ಅಂದರೆ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಿಕೆ, ತೋಟದಲ್ಲಿ, ಕೆರೆ ಏರಿಯಲ್ಲಿ ಮೀಡಿಯಂ. ನೆಲೆಯ ಬಾಯಿಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಹತ್ತಿರದಲ್ಲಿ ಹಾಯುವ ಬಾವಲಿಯ ಕೂಗು ಮೈಕ್‌ಗೆ ಅತಿಯಾಗಿ ತಲೆ ಕತ್ತರಿಸಿದಂತೆ ದಾಖಲಾದರೆ, ಇಲ್ಲದ ಕಂಪನಾಂಕಗಳಲ್ಲಿ ಸುಳ್ಳು ಗೆರೆಗಳು ಏಳುತ್ತವೆ.

ಫಿಲ್ಟರ್ ವಿಷಯದಲ್ಲಿ ಜಾಗ ನೋಡಿ ನಿರ್ಧರಿಸಿ. ಬೇಟೆಯ ಜಾಗದಲ್ಲಿ 15–20 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದರೆ ಜೀರುಂಡೆ, ಜನರೇಟರ್, ನಾಯಿ ಎಲ್ಲ ಹೋಗುತ್ತವೆ. ನೆಲೆಯ ಬಾಯಿಯಲ್ಲಿ ಫಿಲ್ಟರ್ ಹಾಕಬೇಡಿ; ಮರಿಗಳ ಕೂಗಿನ ಕೆಳಭಾಗವೂ ಅದರ ಜೊತೆ ಹೋದೀತು. ಸದ್ದಿದ್ದಾಗ ಮಾತ್ರ ದಾಖಲಿಸು ಅನ್ನುವ ಟ್ರಿಗರ್ ಸೌಲಭ್ಯ ಇದೆ, ಆದರೆ ಮಲೆನಾಡಿನ ಮಳೆಗಾಲದ ಅಂಚಿನಲ್ಲಿ ಅದು ಉಪಕಾರಕ್ಕಿಂತ ಉಪದ್ರ. ಹಸಿರು ಮಿಡತೆಗಳು ಶ್ರವಣಾತೀತ ದನಿಯಲ್ಲೇ ಗಂಟೆಗಟ್ಟಲೆ ಕಿರುಗುಡುತ್ತವೆ, ಹಂಚಿನಿಂದ ತೊಟ್ಟಿಕ್ಕುವ ಒಂದೊಂದು ಹನಿಯೂ ಎಲ್ಲ ಕಂಪನಾಂಕಗಳಲ್ಲೂ ಸಿಡಿಯುತ್ತದೆ. ಕಾರ್ಡು ತುಂಬುವುದು ಅವುಗಳಿಂದಲೇ.

ವೇಳಾಪಟ್ಟಿ ಸಂಜೆ 6:15ರಿಂದ ಬೆಳಗ್ಗೆ 6:15. ಮೇನಲ್ಲಿ ಇಲ್ಲಿ ಸೂರ್ಯ ಮುಳುಗುವುದು 6:45ರ ಸುಮಾರಿಗೆ. ಅರ್ಧ ಗಂಟೆ ಮೊದಲೇ ಶುರುವಾಗಲಿ. ದಾಖಲೆಯ ಗಾತ್ರ 384ರಲ್ಲಿ ನಿಮಿಷಕ್ಕೆ 46 ಎಂಬಿ. ಬಿಡದೆ 12 ಗಂಟೆ ಓಡಿಸಿದರೆ ರಾತ್ರಿಗೆ 33 ಜಿಬಿ, 64 ಜಿಬಿ ಕಾರ್ಡು ಎರಡನೆಯ ರಾತ್ರಿ ಮುಗಿಯುವ ಮೊದಲೇ ತುಂಬಿ ನಿಲ್ಲುತ್ತದೆ. ಬೇಟೆಯ ಜಾಗಕ್ಕೆ 60 ಸೆಕೆಂಡ್ ದಾಖಲೆ, 240 ಸೆಕೆಂಡ್ ವಿರಾಮ ಇಟ್ಟರೆ ರಾತ್ರಿಗೆ 144 ಕಡತ, 6.6 ಜಿಬಿ; 64 ಜಿಬಿಯಲ್ಲಿ ಒಂಬತ್ತು ರಾತ್ರಿ. ನೆಲೆಯ ಬಾಯಿಗೆ ಇದು ಸಾಲದು, ಬಾವಲಿಗಳು ಹೊರಬೀಳುವುದು ಕೆಲವೇ ನಿಮಿಷಗಳ ಕೆಲಸ. ಅಲ್ಲಿ 20 ಸೆಕೆಂಡ್ ದಾಖಲೆ, 40 ಸೆಕೆಂಡ್ ವಿರಾಮ: ರಾತ್ರಿಗೆ 720 ಕಡತ, 11 ಜಿಬಿ. 64 ಜಿಬಿಗೆ ಐದು ರಾತ್ರಿ, ಅದಕ್ಕೇ 128 ಹಾಕುವುದು ಮೇಲು. ಸಂಜೆ ಬಿಡದೆ ದಾಖಲಿಸಿ ಆಮೇಲೆ ವಿರಾಮ ಕೊಡುವಂತೆ ಹೇಳಲು ದಾರಿಯಿಲ್ಲ. ಒಮ್ಮೆ ಕೊಟ್ಟ ದಾಖಲೆ–ವಿರಾಮದ ಜೋಡಿ ಇಡೀ ರಾತ್ರಿಗೆ ಒಂದೇ. ಯಂತ್ರದ ವಿನ್ಯಾಸದಲ್ಲಿ ನಮಗೆ ನಿಜವಾಗಿ ಬೇಸರ ತರುವ ಕೊರತೆ ಇದು.

ಕಾರ್ಡು ವೇಗದ್ದಾಗಿರಲಿ, ಮೇಲೆ ಯು3 ಗುರುತು ಇರಲಿ. ಅಗ್ಗದ ನಿಧಾನ ಕಾರ್ಡಿನಲ್ಲಿ 384ರ ಹರಿವು ಬರೆಯಲಾಗದೆ ನಡುನಡುವೆ ತುಣುಕು ಬಿಟ್ಟುಹೋಗುತ್ತದೆ. ಮೈಲಿ ದೂರದ ತೋಟಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ರಾತ್ರಿ ಓಡಿಸಿ ನೋಡಿ. ಕೆಂಪು ದೀಪ ಅಂದರೆ ದಾಖಲೆ ನಡೆದಿದೆ, ಹಸಿರು ಮಿನುಗಿದರೆ ಹೊತ್ತಿಗೆ ಕಾಯುತ್ತಿದೆ, ಎರಡೂ ಒಟ್ಟಿಗೆ ಮಿನುಗಿದರೆ ಕಾರ್ಡಿನದೋ ಗಡಿಯಾರದ್ದೋ ತೊಂದರೆ.

ಸೆಲ್ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ದಿನಕ್ಕೆ ಎಷ್ಟು ಎಂಎಎಚ್ (ಸೆಲ್ಲಿನ ಸಾಮರ್ಥ್ಯದ ಅಳತೆ) ಬೇಕೆಂದು ಆ್ಯಪ್ಪೇ ಅಂದಾಜು ತೋರಿಸುತ್ತದೆ. ಒಳ್ಳೆಯ ಆಲ್ಕಲೈನ್ ಎಎ ಸೆಲ್‌ನಲ್ಲಿ 2,000ದಿಂದ 2,500 ಎಂಎಎಚ್ ಇರುತ್ತದೆ. ಮೂರು ಸೆಲ್ ಇದೆಯೆಂದು ಮೂರರಿಂದ ಗುಣಿಸಬೇಡಿ. ಅವು ಸಾಲಾಗಿ ಜೋಡಣೆಯಾಗಿವೆ. ಕೂಡುವುದು ವೋಲ್ಟ್ ಮಾತ್ರ. 2,000ವನ್ನು ದಿನದ ಅಂದಾಜಿನಿಂದ ಭಾಗಿಸಿ, ಬಂದ ಉತ್ತರದಲ್ಲಿ ಕಾಲು ಭಾಗ ಬಿಟ್ಟುಬಿಡಿ. ಚಾರ್ಜ್ ಮಾಡುವ ಸೆಲ್ ಹಾಕುವುದಾದರೆ ಅದರ ವೋಲ್ಟ್ ಕಡಿಮೆ. ಆ್ಯಪ್‌ನಲ್ಲಿ ಅದಕ್ಕೆಂದೇ ಇರುವ ಗುರುತು ಹಾಕದಿದ್ದರೆ ಬ್ಯಾಟರಿ ಮಟ್ಟ ತಪ್ಪು ತೋರಿಸುತ್ತದೆ.

ಗಡಿಯಾರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಯಂತ್ರ ಹೊತ್ತು ಬರೆಯುವುದು ಗ್ರೀನಿಚ್ ಲೆಕ್ಕದಲ್ಲಿ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಡತದ ಹೆಸರಿನಲ್ಲಿ 131500 ಎಂದಿದ್ದರೆ ಅದು ಮಧ್ಯಾಹ್ನ ಒಂದೂಕಾಲಲ್ಲ, ಸಂಜೆ 6:45. ಆ್ಯಪ್‌ನಲ್ಲಿ ಸ್ಥಳೀಯ ಸಮಯ ಆರಿಸಿಕೊಂಡರೆ ಈ ಗೊಂದಲ ತಪ್ಪುತ್ತದೆ. ತೋಟದಲ್ಲಿ ಸೆಲ್ ಬದಲಿಸಿದರೆ ಗಡಿಯಾರ ಅಳಿಸಿಹೋಗಿದೆ ಎಂದೇ ತಿಳಿದು ಮತ್ತೆ ಹೊಂದಿಸಿ. ಲ್ಯಾಪ್‌ಟಾಪ್ ಇಲ್ಲದಿದ್ದರೂ ಫೋನಿನ ಚೈಮ್ ಆ್ಯಪ್ ದನಿ ಕೇಳಿಸಿ ಸಮಯ ಕೊಡುತ್ತದೆ. ಕೊನೆಗೆ ಸ್ವಿಚ್ಚು ಕಸ್ಟಮ್‌ಗೆ ಹಾಕಬೇಕು. ಡಿಫಾಲ್ಟ್‌ಗೆ ಹಾಕಿದರೆ ವೇಳಾಪಟ್ಟಿ ಲೆಕ್ಕಿಸದೆ ಆಗಿಂದಾಗಲೇ ಶುರು. ಹಗಲೆಲ್ಲ ಕಾಗೆ, ಮರಕುಟಿಗನ ದನಿ ತುಂಬಿಕೊಂಡು ರಾತ್ರಿಯ ಹೊತ್ತಿಗೆ ಕಾರ್ಡು ಖಾಲಿ ಇರುವುದಿಲ್ಲ.

ಕಟ್ಟುವ ಜಾಗ: ನೆಲೆಯ ಒಳಗೆ ಎಂದೂ ಇಡಬೇಡಿ. ಹೊರಬೀಳುವ ಕಿಂಡಿಯಿಂದ ಮೂರರಿಂದ ಐದು ಮೀಟರ್ ದೂರ, ಹಾರುದಾರಿಗೆ ಪಕ್ಕದಲ್ಲಿ, ಎರಡೂವರೆ ಮೀಟರ್ ಎತ್ತರದಲ್ಲಿ ಸಾಕು. ಇನ್ನೂ ದೂರ ಹೋದರೆ ಎಲೆಮೂಗಿನ ಬಾವಲಿಗಳ ತೀರ ಎತ್ತರದ ದನಿ ಗಾಳಿಯಲ್ಲೇ ಕರಗುತ್ತದೆ. 100 ಕಿಲೋಹರ್ಟ್ಸ್ ಮೇಲಿನ ಕೂಗು ಕೆಲವು ಮೀಟರ್ ದಾಟುವುದೇ ಕಷ್ಟ. ಹಗಲು ಮೂರು–ನಾಲ್ಕು ಗಂಟೆಗೆ, ಬಾವಲಿಗಳು ಏಳುವ ಮೊದಲೇ ಕಟ್ಟಿ ಬಂದುಬಿಡಿ. ತೋಟದಲ್ಲಾದರೆ ಸಿಲ್ವರ್ ಓಕ್ ಕಾಂಡಕ್ಕೆ ಪಟ್ಟಿ ಬಿಗಿಯಬಹುದು, ಆದರೆ ಮೈಕ್ ಮುಂದೆ ಎರಡು ಮೀಟರ್ ಎಲೆ, ಗೋಡೆ ಇರಬಾರದು. ಪ್ರತಿಧ್ವನಿ ಕೂಗಿನ ಗೆರೆಯನ್ನು ಕಲಸಿಹಾಕುತ್ತದೆ. ಹರಿಯುವ ಹಳ್ಳದ ಸದ್ದಿನಲ್ಲೂ ಶ್ರವಣಾತೀತ ಭಾಗವಿದೆ, ನಿಂತ ಕೆರೆಯೇ ಮೇಲು. ಬಾಣಂತಿಗಳು ನೀರು ಕುಡಿಯಲು ಬರುವುದೂ ಅಲ್ಲಿಗೇ. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ದಾರಿಯಲ್ಲಿ ಕಟ್ಟಬೇಡಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿರಲಿ, ಬೇರೆ ಯಾವ ಮೀಸಲು ಅರಣ್ಯವಿರಲಿ, ಒಳಗೆ ಇಡಲು ಅರಣ್ಯ ಇಲಾಖೆಯ ಅನುಮತಿ ಮೊದಲು.

ಬರಿಯ ಯಂತ್ರ ಮಳೆಗೆ ತಡೆಯುವುದಿಲ್ಲ. ಅದರದೇ ಜಲನಿರೋಧಕ ಕವಚವನ್ನು ಬೇರೆಯಾಗಿ ಕೊಳ್ಳಬೇಕು, ಕೊಳ್ಳಲೇಬೇಕು. ಮೈಕ್‌ನ ಜಾಗದಲ್ಲಿ ನೀರು ತಡೆದು ದನಿ ಬಿಡುವ ತೆಳು ಪೊರೆ ಅದರಲ್ಲಿದೆ. ದುಡ್ಡು ಉಳಿಸಲು ಜಿಪ್ ಚೀಲದಲ್ಲಿ ಹಾಕಿ ಕಟ್ಟಿದರೆ ಎತ್ತರದ ದನಿಗಳೇ ಮೊದಲು ಮಂಕಾಗುವುದು, ನಮಗೆ ಬೇಕಾದವೂ ಅವೇ. ಒಳಗೆ ಒಂದು ಚಿಕ್ಕ ಸಿಲಿಕಾ ಪೊಟ್ಟಣ ಇರಲಿ, ಮೈಕ್ ಮುಖ ತುಸು ಕೆಳಕ್ಕೆ ಬಾಗಿರಲಿ. ಪಟ್ಟಿಯ ಎರಡೂ ಬದಿ ಬೇವಿನೆಣ್ಣೆ ಸವರಿದ ಬಟ್ಟೆ ಸುತ್ತಿದರೆ ಇರುವೆ ಪೊರೆಯ ಮೇಲೆ ಮಣ್ಣು ಮೆತ್ತುವುದು ಕಡಿಮೆಯಾಗುತ್ತದೆ. ಜೂನ್ ನಡುವಿನ ನಂತರ ಮಳೆ ಹಿಡಿದ ಮೇಲೆ ಯಂತ್ರ ಇಳಿಸಿಬಿಡುವುದೇ ಬುದ್ಧಿವಂತಿಕೆ. ಎಡೆಬಿಡದ ಮಳೆಯಲ್ಲಿ ಬಾವಲಿಗಳೂ ಹಾರುವುದು ಕಡಿಮೆ.

ದಾಖಲೆ ಓದುವುದು ಬೇರೆಯದೇ ಕೆಲಸ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ದನಿಯನ್ನು ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟ ತೆರೆದರೆ ಸಾಕು. ರೂಕ್ಸ್ ಕುದುರೆಲಾಳದ ಕೂಗು 80 ಕಿಲೋಹರ್ಟ್ಸ್ ಹತ್ತಿರ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ, ಕೊನೆಯಲ್ಲಿ ಚಿಕ್ಕದೊಂದು ಇಳಿಜಾರು. ಅದರ ಕೆಳಗೆ 40ರಲ್ಲಿ ಮಸುಕಾದ ಇನ್ನೊಂದು ಗೆರೆ ಕಾಣಬಹುದು. ಅದು ಬೇರೆ ಬಾವಲಿಯಲ್ಲ, ಅದೇ ಕೂಗಿನ ಮೂಲ ಸ್ವರ. ಹೊಸಬರ ಪಟ್ಟಿಯಲ್ಲಿ ಒಂದು ಜಾತಿ ಹೆಚ್ಚಾಗುವುದು ಇಲ್ಲಿಯೇ. 90ರ ಹತ್ತಿರ ಗೆರೆ ಕಂಡರೆ ಎಚ್ಚರ, ನೋಡಲು ಒಂದೇ ಥರದ, ಆದರೆ ಬೇರೆಯೇ ಜಾತಿಯೆಂದು ಗುರುತಾದ ಸೋದರಿ ಜಾತಿ ಘಟ್ಟದಲ್ಲಿದೆ. ಪಿಪಿಸ್ಟ್ರೆಲ್‌ಗಳ ಕೂಗು ಹಾಕಿ ಕೋಲಿನ ಆಕಾರ: ಮೇಲಿನಿಂದ ಸರಕ್ಕನೆ ಇಳಿದು ಕೊನೆಯಲ್ಲಿ ಮಲಗುತ್ತದೆ.

ಒಂದು ಬೇಟೆಯನ್ನು ಹತ್ತಿರದಿಂದ ನೋಡಿ. ಐದು ಸೆಕೆಂಡಿನ ತುಣುಕು. ಮೊದಲೆರಡು ಸೆಕೆಂಡು ಹಾಕಿ ಕೋಲುಗಳು ಬಿಡಿಬಿಡಿಯಾಗಿ, ಸಮ ಅಂತರದಲ್ಲಿ, ಬೇಲಿಗೂಟದ ಹಾಗೆ ನಿಂತಿವೆ. ಮೂರನೆಯ ಸೆಕೆಂಡಿನಲ್ಲಿ ಗೂಟಗಳು ಹತ್ತಿರ ಸರಿಯುತ್ತವೆ, ಗಿಡ್ಡವಾಗುತ್ತವೆ, ಮತ್ತೂ ಹತ್ತಿರ, ಕೊನೆಗೆ ಬಾಚಣಿಗೆಯ ಹಲ್ಲಿನಷ್ಟು ಒತ್ತಾಗಿ ಕೆಳಕ್ಕೆ ಜಾರುತ್ತವೆ. ಹತ್ತು ಪಟ್ಟು ನಿಧಾನ ಮಾಡಿ ಕೇಳಿದರೆ ಟಕ್, ಟಕ್, ಟಕ್, ಆಮೇಲೆ ಟರ್‌ರ್‌ ಎಂದು ಒಂದೇ ಉಸಿರು. ಬಾಚಣಿಗೆ ಮುಗಿದಲ್ಲಿ ಒಂದು ಚಿಕ್ಕ ಮೌನ. ಹುಳುವಿನ ಮೇಲೆ ಎರಗಿದ ಗಳಿಗೆ ಅದು. ಈ ಬಾಚಣಿಗೆಗಳನ್ನು ಗಂಟೆಗೆ ಇಷ್ಟೆಂದು ಎಣಿಸಿ ಮಾರ್ಚಿನದನ್ನು ಮೇ ತಿಂಗಳದಕ್ಕೆ ಹೋಲಿಸಬಹುದು. ಎಣಿಕೆ ಎರಗಿದ್ದಕ್ಕೆ ಮಾತ್ರ. ಹುಳು ಸಿಕ್ಕಿತೋ ಇಲ್ಲವೋ ಗೆರೆ ಹೇಳದು. ಈಚಲು ಎದ್ದ ರಾತ್ರಿ ಬಾಚಣಿಗೆಗಳು ದುಪ್ಪಟ್ಟಾದರೆ ಅದು ಹುಳುವಿನ ಸುಗ್ಗಿಯೋ ಹಾಲಿನ ಹಸಿವೋ ಎಂದು ಒಂದೇ ರಾತ್ರಿಯಿಂದ ತೀರ್ಮಾನಿಸಬಾರದು. ಮಳೆಮಾಪಕದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದಿ. ಕಾಫಿ ತೋಟಗಳಲ್ಲಿ ಆ ಪುಸ್ತಕ ಇದ್ದೇ ಇರುತ್ತದೆ.

ಯಂತ್ರ ಹೇಳಲಾರದ ಮಾತುಗಳೂ ಇವೆ. ನೂರು ಸಲ ಹಾಯ್ದ ದಾಖಲೆ ನೂರು ಬಾವಲಿಯಲ್ಲ, ಒಂದೇ ಬಾವಲಿ ನೂರು ಸುತ್ತು ಹಾಕಿರಬಹುದು. ದನಿ ಕೇಳಿ ಗಂಡು–ಹೆಣ್ಣು ತಿಳಿಯದು. ಯಾವ ಹುಳ ತಿಂದಿತು ಎಂಬುದಂತೂ ಇಲ್ಲವೇ ಇಲ್ಲ. ಕಾಫಿಯ ಬಿಳಿ ಕಾಂಡಕೊರಕವನ್ನು ಬಾವಲಿ ತಿಂದುಹಾಕುತ್ತದೆ ಎಂಬ ಆಸೆಯಿಂದ ಕೊಳ್ಳುವವರಿದ್ದರೆ ತಿಳಿದಿರಲಿ, ಆ ದುಂಬಿ ಚಟುವಟಿಕೆಯಿಂದ ಹಾರಾಡುವುದು ಬಿಸಿಲಿನ ಹೊತ್ತು. ಸುಂಡಿಲಿಯ ಬಾಣಂತನ ತಿಳಿಯಲೂ ಇದು ಪ್ರಯೋಜನವಿಲ್ಲ. ಮನೆ ಮೂಲೆಯಲ್ಲಿ ಕಿಚಕಿಚ ಎನ್ನುವ ಸುಂಡಿಲಿಯೂ ಬಾವಲಿಯಂತೆಯೇ ಅಂದಿನ ದುಡಿಮೆ ಅಂದಿಗೆ ಎನ್ನುವ ಜೀವ. ಕೂಡಿಟ್ಟ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಎರಡು ದಿನ ಮೇವು ಕಡಿಮೆಯಾದರೆ ಹೆಣ್ಣು ಗಂಡನ್ನು ಹತ್ತಿರ ಬಿಡುವುದೇ ಇಲ್ಲ ಎಂದು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಅದರ ಕಥೆಗೆ ಬೇರೆ ಉಪಕರಣ ಬೇಕು.

ಜಾತಿಯನ್ನು ತಾನೇ ಗುರುತಿಸುವ ತಂತ್ರಾಂಶಗಳನ್ನು ನಂಬಬೇಡಿ. ಹೆಚ್ಚಿನವು ಯುರೋಪು, ಅಮೆರಿಕದ ಬಾವಲಿಗಳ ದನಿಯಿಂದ ಕಲಿತವು; ಘಟ್ಟದ ಬಾವಲಿಗೂ ಅಲ್ಲಿಯದೇ ಹೆಸರು ಅಂಟಿಸುತ್ತವೆ. 144 ಕಡತದ ಒಂದು ರಾತ್ರಿಯನ್ನು ಕಣ್ಣಿನಿಂದ ನೋಡಲು, ಕಡತಕ್ಕೆ ಅರ್ಧ ನಿಮಿಷವೆಂದರೂ, 72 ನಿಮಿಷ. ಕೊಳ್ಳುವ ಮೊದಲು ಈ ಹೊತ್ತು ನಿಮ್ಮಲ್ಲಿದೆಯೇ ಎಂದು ಕೇಳಿಕೊಳ್ಳಿ.

ಫೋನಿಗೆ ಚುಚ್ಚುವ ಎಕೋ ಮೀಟರ್ ಟಚ್ ಇದಕ್ಕೆ ಮುಖ್ಯ ಪರ್ಯಾಯ. ಪರದೆಯಲ್ಲಿ ಗೆರೆ ಆಗಿಂದಾಗಲೇ ಕಾಣುತ್ತದೆ, ಸಂಜೆ ತೋಟದಲ್ಲಿ ನಡೆದಾಡುತ್ತ ಮಕ್ಕಳಿಗೆ ಬಾವಲಿ ತೋರಿಸಲು ಅದೇ ಚೆಂದ. ಸಾಮಾನ್ಯ ಮಾದರಿಯ ದರ 256 ಕಿಲೋಹರ್ಟ್ಸ್, ಮಿತಿ 128, ಎಲೆಮೂಗಿನವು ತಪ್ಪುತ್ತವೆ. ರಾತ್ರಿಯಿಡೀ ಬಿಟ್ಟುಬರಲೂ ಆಗದು. ಬಾಣಂತನದ ಲೆಕ್ಕಕ್ಕೆ ರಾತ್ರಿಯಿಡೀ ಕೇಳಬೇಕು, ಆದ್ದರಿಂದ ಆಡಿಯೋಮಾತ್ ಎಂದೇ ಹೇಳುತ್ತೇವೆ.

ಕೊಳ್ಳುವುದಾದರೆ ಎರಡು ಕೊಳ್ಳಿ, ಒಂದು ನೆಲೆಯ ಬಾಯಿಗೆ, ಒಂದು ಕೆರೆ ಏರಿಗೆ. ಸಾಗಣೆ, ಆಮದು ಸುಂಕ ಸೇರಿ ಬೆಲೆ ಏರುತ್ತದೆ. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ನಾಲ್ಕೈದು ತೋಟದವರ ಜೊತೆ ಸೇರಿ ಒಟ್ಟಿಗೆ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ಹಂಚಿನ ಮನೆ ರಿಪೇರಿಗೆ ದಿನ ಗೊತ್ತು ಮಾಡುವವರಿಗೂ ಈ ದಾಖಲೆ ನೇರವಾಗಿ ಉಪಯೋಗ. ನಡುರಾತ್ರಿಯ ಗುಡ್ಡ ಕರಗಿ, ಮರಿಗಳ ಕೂಗು ಸತತ ಐದು ರಾತ್ರಿ ಕಾಣದಿದ್ದರೆ ಆಮೇಲೆ ಹಂಚು ತೆಗೆಯಬಹುದು. ಅದಕ್ಕೆ ಮೊದಲು ತೆಗೆದರೆ ಹಾರಲು ಬಾರದ ಮರಿಗಳು ಒಳಗೇ ಉಳಿಯುತ್ತವೆ. ಕೆಲಸ ಮುಗಿದ ಮೇಲೆ ಸ್ವಿಚ್ಚು ಆಫ್‌ಗೆ ತಂದು, ಸೆಲ್ ಮೂರನ್ನೂ ತೆಗೆದು, ಕವಚ ತೆರೆದು ನೆರಳಿನಲ್ಲಿ ಎರಡು ದಿನ ಒಣಗಿಸಿ. ಮಲೆನಾಡಿನ ಬೀರುವಿನಲ್ಲಿ ಸೆಲ್ ಹಾಕಿಯೇ ಮಳೆಗಾಲ ಕಳೆದ ಯಂತ್ರದ ಸ್ಪ್ರಿಂಗು ಹಸಿರು ಹಿಡಿದು, ಮುಂದಿನ ಮಾರ್ಚಿಗೆ ದೀಪ ಹತ್ತುವುದಿಲ್ಲ.